ಡಬ್ಬಿ ಇಟ್ಟ ಜಾಗ

ನಮ್ಮಕ್ಕ ದರ್ಜಿ. ಮನೆಯ ನೆಲಮಾಳಿಗೆಯಲ್ಲಿ ಹದಿನೆಂಟು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿದ್ದಾಳೆ. ಕತ್ತರಿಸಿದ ಬಟ್ಟೆ ಗಾಳಿಗೆ ಹಾರುತ್ತದೆ ಎಂದು ಇದ್ದೊಂದು ಕಿಟಕಿಯ ಸಂದಿಗೂ ಚಿಂದಿ ತುರುಕಿಟ್ಟವಳು. ಹಟ ಹಿಡಿದರೆ ಅವಳಪ್ಪನಿಗೂ ಬಗ್ಗುವವಳಲ್ಲ. ಅವಳಪ್ಪ ನನಗೂ ಅಪ್ಪನೇ, ಹಾಗಾಗಿ ಗೊತ್ತು.

ಬೀದಿಯ ಮನೆಗಳನ್ನೆಲ್ಲ ಪರೀಕ್ಷಿಸಲು ಬಂದ ಆರೋಗ್ಯ ಇಲಾಖೆಯಾಕೆ ಗಾಳಿ ಅಳೆಯುವ ಅಂಗೈಯಗಲದ ಡಬ್ಬಿಯೊಂದನ್ನು ಕೊಟ್ಟಳು.

"ರೇಡಾನ್ ಅಂತ ಅನಿಲ. ನೆಲದಡಿಯ ಕಲ್ಲು ಮಣ್ಣಿಂದ ಹುಟ್ಟಿ ಬಿರುಕಲ್ಲಿ ಮೇಲೆ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಯಾವುದರ ಜೊತೆಗೂ ಸೇರಲ್ಲ."

"ಪಾಪದ್ದು, ನಮ್ಮ ಯಜಮಾನ್ರ ಥರ," ಎಂದಳು ಅಕ್ಕ.

"ಅದು ಒಡೆದು ಹುಟ್ಟೋ ಕಣಗಳು ಪಾಪದ್ದಲ್ಲಮ್ಮ. ಶ್ವಾಸಕೋಶಕ್ಕೆ ಅಂಟ್ಕೊಳ್ತವೆ. ವರ್ಷಗಟ್ಟಲೆ ಉಸಿರಾಡಿದ್ರೆ ಕ್ಯಾನ್ಸರ್ ಬರಬಹುದು, ಸಿಗರೇಟು ಸೇದೋರಿಗಂತೂ ಇನ್ನೂ ಅಪಾಯ. ಈ ಡಬ್ಬೀನ ಕೂತು ಕೆಲ್ಸ ಮಾಡೋ ಕಡೆನೇ ಮೂರು ತಿಂಗಳು ಇಡಿ."

ಫಲಿತಾಂಶ ಬಂತು. ಎಡಗಡೆ ಮನೆಯಲ್ಲೂ ಬಲಗಡೆ ಮನೆಯಲ್ಲೂ ಮಿತಿಯ ಮೂರು ಪಟ್ಟು. ನಮ್ಮಕ್ಕನದು ಮಾತ್ರ ಹೆಚ್ಚುಕಮ್ಮಿ ಏನೂ ಇಲ್ಲ! ಮುಂದಿನ ಸೋಮವಾರದಿಂದ ಅವಳ ಮಗಳೂ ಎರಡನೇ ಯಂತ್ರಕ್ಕೆ ಕೂರುವವಳಿದ್ದಳು. ನೇರ ನೆಲಮಾಳಿಗೆಗೆ ಇಳಿದೆ.

"ಡಬ್ಬಿ ಎಲ್ಲಿಟ್ಟಿದ್ದೆ?"

"ಹೇಳಿದ ಕಡೆ."

"ಅಕ್ಕಾ, ನನ್ನ ಮುಖ ನೋಡಿ ಹೇಳು."

ಅವಳು ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು. ದಾರ ಒಳಗೆ ಹೋಗುತ್ತಿರಲಿಲ್ಲ.

"ಮೇಲೆ, ಬಾಲ್ಕನೀಲಿ," ಎಂದಳು ಕೊನೆಗೆ. "ಜಾಸ್ತಿ ಬಂದ್ರೆ ಅಂಗಡಿ ಮುಚ್ಚು ಅಂತಾರೆ. ಆಮೇಲೆ ನಾನೆಲ್ಲಿ ಕೂರ್ಲಿ, ನಿನ್ನ ತಲೆ ಮೇಲಾ?"

"ನಿನ್ನ ತಲೇಲಿ ಮಣ್ಣು ತುಂಬಿದೆಯೇನೇ! ಬಿರುಕು ಮುಚ್ಚಿ, ನೆಲದಡಿಯಿಂದ ಕೊಳವೆ ಹಾಕಿ ಫ್ಯಾನ್ ಕೂರಿಸಿದ್ರೆ ಗಾಳಿ ಹೊರಗೆ ಹೋಗುತ್ತಂತೆ. ಪಕ್ಕದ ಮನೆಯೋರು ಮಾಡಿಸ್ತಿದ್ದಾರೆ. ಅಲ್ಲೀವರೆಗೆ ಮೇಲೆ ಬಾ!"

ಮೆಟ್ಟಿಲ ಮೇಲೆ ಅವಳ ಮಗಳು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಕ್ಕ ದಡಬಡಿಸಿ ಕೈ ಅಡ್ಡ ಮಾಡಿದಳು.

"ಇಳೀಬೇಡ ಕಂದಾ. ನನ್ನದು ಹದಿನೆಂಟು ವರ್ಷ ಆಗೋಯ್ತು. ಇನ್ನೆರಡು ತಿಂಗಳಿಗೆ ಏನಾಗುತ್ತೆ? ಒಪ್ಕೊಂಡ ಬಟ್ಟೆ ಮುಗಿಸ್ತೀನಿ. ನೀನು ಮಾತ್ರ ಇಳೀಬೇಡ."

ಹುಡುಗಿ ಇಳಿದಳು. ತನಗೆಂದು ಇಟ್ಟಿದ್ದ ಹೊಸ ಕುರ್ಚಿಯಲ್ಲಿ ಕೂತಳು.

"ನೀನು ಏಳೋವರೆಗೂ ನಾನು ಏಳಲ್ಲಮ್ಮ."

"ಏಳೇ!"

ಅವಳು ಏಳಲಿಲ್ಲ. ನಿಧಾನಕ್ಕೆ, ಬೇಕೆಂದೇ, ಎದೆ ತುಂಬ ಉಸಿರೆಳೆದುಕೊಂಡಳು. ಮತ್ತೊಮ್ಮೆ ಎಳೆದುಕೊಂಡಳು.

ಮೂರನೆಯದಕ್ಕೆ ಅವಳು ಬಾಯಿ ತೆರೆಯುವಷ್ಟರಲ್ಲಿ, ಅಪ್ಪನಿಗೂ ಬಗ್ಗದ ನಮ್ಮಕ್ಕ ಎದ್ದು ನಿಂತಿದ್ದಳು.