ಎಲ್ಲರಿಗೂ ಗೆರಟೆ

ಮೊಮ್ಮಗಳು ಕಾಸರಗೋಡಿನ ಯಾವುದೋ ಪ್ರದರ್ಶನದಿಂದ ತೆಂಗಿನ ಗೆರಟೆಯ, ಅದೇ ಕರಟದ, ಲೋಟವೊಂದನ್ನು ತಂದಿದ್ದಾಳೆ. ಹೊರಗೆ ನುಣ್ಣಗೆ ಉಜ್ಜಿ, ಮೆರುಗೆಣ್ಣೆ ಹಚ್ಚಿ, ತಳಕ್ಕೆ ಬಿದಿರಿನ ಬಳೆ ಕೂರಿಸಿದ್ದಾರೆ. ನಿನ್ನೆ ಬೆಳಿಗ್ಗೆ ಅದರಲ್ಲೇ ಚಹಾ ತಂದು ಮುಂದಿಟ್ಟಳು. ಎಷ್ಟು ಮೆರುಗೆಣ್ಣೆ ಹಚ್ಚಿದರೇನು, ಬಿಸಿ ಬಿದ್ದದ್ದೇ ತಡ, ಒಳಗಿನಿಂದ ಆ ವಾಸನೆ ಎದ್ದೇ ಬಿಟ್ಟಿತು. ಸ್ವಲ್ಪ ಕೊಬ್ಬರಿ, ಸ್ವಲ್ಪ ಹೊಗೆ, ಸ್ವಲ್ಪ ಒದ್ದೆ ಮರ… ನಾನು ಕೂತಲ್ಲಿಂದ ಎದ್ದೆ. ಮತ್ತೆ ಕೂತೆ. ಮತ್ತೆ ಎದ್ದೆ. "ಎಂತ ಅಜ್ಜ, ಇರುವೆ ಕಚ್ಚಿತಾ?" ಎಂದು ಅವಳು ನಕ್ಕಳು. ಇರುವೆಯಲ್ಲ ಮಾರಾಯ್ತಿ, ಹೋಟೆಲಿನ ಮಾವ.

ಪುತ್ತಿಗೆಯಿಂದ ಕುಂಬಳೆಗೆ ಹೋಗುವ ದಾರಿಯಲ್ಲಿ ಅವರದೊಂದು ಚಹಾದ ಹೋಟೆಲು ಇತ್ತು. ಹೋಟೆಲೆಂದರೆ ದೊಡ್ಡದಾಗಿ ಎಣಿಸಿಕೊಳ್ಳಬೇಡಿ. ಮುಳಿಹುಲ್ಲಿನ ಮಾಡು, ಮಣ್ಣಿನ ಗೋಡೆ, ಒಳಗೆ ಬೆಂಚು, ಹೊರಗೆ ಜಗಲಿ. ಬೆಂಚಿನಲ್ಲಿ ಕೂರುವವರಿಗೆ ಗಾಜಿನ ಗ್ಲಾಸು. ಒಳಗೆ ಕಾಲಿಡಬಾರದ ಜಾತಿಯವರು ಎಂದು ನಾವು ನಿರ್ಧರಿಸಿದ್ದ ಗದ್ದೆ ಕೆಲಸದವರಿಗೆ ಜಗಲಿ, ಮತ್ತು ಗೆರಟೆ. ಅವರವರ ಗೆರಟೆಯನ್ನು ಅವರೇ ಮಾಡಿನ ಸಂದಿಯಿಂದ ತೆಗೆದು, ಕುಡಿದು, ತೊಳೆದು, ಅಲ್ಲೇ ಸಿಕ್ಕಿಸಿ ಹೋಗಬೇಕು. ಮಾವ ಮೊಳದೆತ್ತರದಿಂದ ಚಹಾ ಹೊಯ್ಯುತ್ತಿದ್ದರು, ಪಾತ್ರೆ ತಾಗಬಾರದಲ್ಲ! ಇದೆಲ್ಲ ಕೂಡದೆಂದು ಸರಕಾರ ಕಾನೂನು ಮಾಡಿತ್ತಂತೆ. ಆ ಕಾನೂನು ಇನ್ನೂ ಕುಂಬಳೆ ಸ್ಟೇಷನ್ನಿನಲ್ಲಿ ರೈಲು ಇಳಿದಿರಲಿಲ್ಲ.

ನಾನು ಹತ್ತಿರದ ಶಾಲೆಯಲ್ಲಿ ಹೊಸದಾಗಿ ಮಾಷ್ಟ್ರಾಗಿ ಸೇರಿದ್ದೆ. ಗಂಟೆ ಹೊಡೆಯುವ ಮೊದಲು ಅಲ್ಲೊಂದು ಚಹಾ ಆಗಲೇಬೇಕಿತ್ತು. ಊರಿಗೆಲ್ಲ ಅವರು ಮಾವ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ, ಅವರು ಕೂತದ್ದನ್ನು ಕಂಡವರಿಲ್ಲ. ಒಲೆ ಊದುವುದು, ದಾರಿಗೆ ಇಣುಕುವುದು, ಯಾರಿಗಾದರೂ ಬೈಯುವುದು, ಮತ್ತೆ ಒಲೆ. ಹೆಂಡತಿ ತೀರಿಹೋಗಿದ್ದರು. ಇದ್ದವಳು ಒಬ್ಬಳೇ ಮಗಳು, ಮದುವೆಗೆ ಬಂದವಳು. ಹಿತ್ತಿಲ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ದಿನವಿಡೀ ಗ್ಲಾಸು ತೊಳೆಯುತ್ತಿದ್ದಳು. ಅವಳ ಬೆನ್ನನ್ನು ಕಂಡದ್ದೇ ಹೆಚ್ಚು, ಮುಖ ಈಗ ಸರಿಯಾಗಿ ನೆನಪಾಗುತ್ತಿಲ್ಲ…

ನಮ್ಮ ಜನಕ್ಕೆ ಎಂಜಲೆಂದರೆ ಮಾರು ದೂರ. ನೀರನ್ನಾದರೆ ಎತ್ತಿ ಕುಡಿಯುತ್ತೇವೆ, ಚೊಂಬಿಗೆ ತುಟಿ ತಾಗಿಸುವುದಿಲ್ಲ. ಆದರೆ ಕುದಿಯುವ ಚಹಾವನ್ನು ಎತ್ತಿ ಕುಡಿಯಲಿಕ್ಕಾಗುತ್ತದೆಯೇ? ಗ್ಲಾಸಿಗೆ ಬಾಯಿ ಹಚ್ಚಲೇಬೇಕು. ಆ ಗ್ಲಾಸುಗಳೆಲ್ಲ ಹಿಂದುಗಡೆ ಒಂದೇ ಬೋಗುಣಿಯ ನೀರಿನಲ್ಲಿ ಮುಳುಗಿ ಎದ್ದು ಮತ್ತೆ ನಮ್ಮ ಮುಂದೆ ಬರುತ್ತಿದ್ದವು. ಹೊರಗಿನವರ ನೆರಳು ತಾಗದಂತೆ ನೋಡಿಕೊಂಡವರು, ಪಕ್ಕದವನ ಕೆಮ್ಮನ್ನು ಮಾತ್ರ ಹಾಗೇ ಕುಡಿದೆವು. ಎಂತಹ ಮಡಿಯಪ್ಪಾ ಅದು!

ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮರುವರ್ಷ ಆ ಜ್ವರ ಬಂತು. ಮಂಗಳೂರಿಗೆ ಬಂತಂತೆ, ಕಾಸರಗೋಡಿಗೆ ಬಂತಂತೆ ಎನ್ನುತ್ತಿದ್ದಂತೆ ನನ್ನ ತರಗತಿಯ ಬೆಂಚುಗಳು ಖಾಲಿಯಾದವು. ಮೈಕೈ ನೋವು, ಕೆಮ್ಮು, ಕೆಂಡದಂಥ ಜ್ವರ. ಶಾಲೆ ಮುಚ್ಚಿತು. ಆರೋಗ್ಯ ಇಲಾಖೆಯವರು ಹೋಟೆಲಿನ ಗೋಡೆಗೆ ಒಂದು ಕಾಗದ ಅಂಟಿಸಿ ಹೋದರು, ಅದೂ ಮಲಯಾಳದಲ್ಲಿ. ಓದಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಹೊಸ ಸರಕಾರದ ನೌಕರ ಎಂದು ಆಗಷ್ಟೇ ಅಕ್ಷರ ಕಲಿಯುತ್ತಿದ್ದ ನಾನು ತಡವರಿಸುತ್ತ ಓದಿ ಹೇಳಿದೆ. ಸೋಪು ಹಾಕಿ ಕೈ ತೊಳೆಯಬೇಕು, ಕೆಮ್ಮುವಾಗ ಬಟ್ಟೆ ಅಡ್ಡ ಹಿಡಿಯಬೇಕು, ಕಿಟಕಿ ತೆರೆದಿಡಬೇಕು, ಜ್ವರ ಬಂದವರು ಮನೆಯಲ್ಲೇ ಇರಬೇಕು, ಒಬ್ಬರು ಕುಡಿದ ಪಾತ್ರೆಯಲ್ಲಿ ಇನ್ನೊಬ್ಬರು ಕುಡಿಯಬಾರದು. ಬೆಂಚಿನವರು ನಕ್ಕರು. ತೆರೆದಿಡಲು ಇಲ್ಲಿ ಕಿಟಕಿ ಇದ್ದರಲ್ಲವೇ ಎಂದರು ಒಬ್ಬರು. ಮಾವ ನಗಲಿಲ್ಲ. ಸೌಟು ಹಿಡಿದುಕೊಂಡೇ ಹತ್ತಿರ ಬಂದರು.

"ಮಾಷ್ಟ್ರೇ, ಗ್ಲಾಸು ತೊಳೆಯುವವರ ವಿಷಯ ಎಂತಾದ್ರೂ ಬರೆದದ್ದು ಉಂಟಾ?"

ಇರಲಿಲ್ಲ. ಇನ್ನೊಮ್ಮೆ ಹುಡುಕಿ ನೋಡಿದೆ, ಇರಲಿಲ್ಲ.

ಅದೇ ವಾರ ಮಗಳು ಮಲಗಿದಳು. ಹೋಟೆಲಿನ ಬಾಗಿಲಿಗೆ ತಡಿಕೆ ಅಡ್ಡ ಬಿತ್ತು. ನಾನು ಗಂಜಿ ತೆಗೆದುಕೊಂಡು ಹೋದರೆ ಮಾವ ಅಂಗಳದಲ್ಲೇ ತಡೆದು, ಅಲ್ಲಿಟ್ಟು ಹೋಗಿ ಎಂದು ಕೈ ಬೀಸುತ್ತಿದ್ದರು. ಒಳಗಿಂದ ಅವಳ ಕೆಮ್ಮು ದಾರಿಯವರೆಗೆ ಕೇಳುತ್ತಿತ್ತು. ಮಾವ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದೇ ನಡೆಯುತ್ತಿದ್ದರು. ಉಸಿರು ಕಟ್ಟಿದಂತಾಗಿ ಅವಳು ಸುಮ್ಮನಾದಾಗೆಲ್ಲ ಅವರೂ ನಿಂತುಬಿಡುತ್ತಿದ್ದರು. ಮತ್ತೆ ಕೆಮ್ಮು ಕೇಳಿದ ಮೇಲೆ ಹೆಜ್ಜೆ ಎತ್ತುತ್ತಿದ್ದರು. ಆ ನಿಲ್ಲುವಿಕೆಯನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಹುಡುಗಿ ಬದುಕಿದಳು. ಆದರೆ ಕೊಕ್ಕರೆಯಂತಾಗಿದ್ದಳು. ಗೋಡೆ ಹಿಡಿದು ಎದ್ದವಳು ನೇರ ಹೋದದ್ದು ಹಿತ್ತಿಲಿನ ಬೋಗುಣಿಯ ಹತ್ತಿರ. ಮಾವ ಅದನ್ನು ಒದ್ದು ಉರುಳಿಸಿದರಂತೆ. ಗ್ಲಾಸುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿದರು. ಮನೆಮನೆ ತಿರುಗಿ ಒಂದು ಕುಕ್ಕೆ ತುಂಬ ತೆಂಗಿನ ಗೆರಟೆ ತಂದು, ಹೆರೆದು, ಕುದಿಯುವ ನೀರಿಗೆ ಹಾಕಿದರು. ಬೆಳಿಗ್ಗೆ ಹೋಟೆಲು ತೆರೆಯಿತು. ಬಾಗಿಲ ಕಂಬಕ್ಕೆ ತೆಂಗಿನ ಹಗ್ಗದಲ್ಲಿ ಸೋಪಿನ ತುಂಡು, ಪಕ್ಕದಲ್ಲಿ ನೀರಿನ ಗಿಂಡಿ. ಕೈ ತೊಳೆಯದವನಿಗೆ ಚಹಾ ಇಲ್ಲ. ಹೆಗಲ ಬೈರಾಸು ಅಡ್ಡ ಹಿಡಿಯದೆ ಕೆಮ್ಮಿದವನಿಗೆ ಬೈಗುಳ. ಚಹಾ ಗೆರಟೆಯಲ್ಲಿ, ಕುಡಿದಾದ ಮೇಲೆ ಗೆರಟೆ ನೇರ ಒಲೆಗೆ. ತೊಳೆಯುವ ಪ್ರಶ್ನೆಯೇ ಇಲ್ಲ! ಆ ಹೊಗೆಗೆ ಜ್ವರ ಓಡುತ್ತದೆಂದೂ ಅವರ ನಂಬಿಕೆ. ಹೊಗೆಗೆ ಓಡಿದ್ದು ನೊಣ ಮಾತ್ರ.

ಬೆಂಚಿನವರು ಗೆರಟೆಯನ್ನು ಕೈಯಲ್ಲಿ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಷ್ಟರಲ್ಲಿ ಧಣಿಗಳು ಬಂದರು. ಹೋಟೆಲು ಇದ್ದದ್ದು ಅವರ ಜಾಗದಲ್ಲಿ. ಮಾವ ಅವರಿಗೂ ಕೈ ತೊಳೆಸಿ, ಗೆರಟೆ ಕೊಟ್ಟರು.

"ಎಂತ ಮಾರಾಯ," ಧಣಿಗಳು ಮೆಲ್ಲಗೆ ಕೇಳಿದರು, "ನನ್ನನ್ನೂ ಜಗಲಿಯವ ಮಾಡಿದೆಯಾ?"

"ನಿಮ್ಮ ಎಂಜಲು ತೊಳೆಯಲಿಕ್ಕೆ ನನಗೆ ಇನ್ನೊಬ್ಬಳು ಮಗಳು ಇಲ್ಲ ಧಣಿಗಳೇ."

ಧಣಿಗಳು ಗೆರಟೆಯನ್ನು ಬೆಂಚಿನ ಮೇಲಿಟ್ಟು ಎದ್ದರು. ಅವರ ಹಿಂದೆ ಉಳಿದವರೂ ಎದ್ದರು. ನಾನು ಕುಡಿದೆ. ಶೂರತನವೇನೂ ಅಲ್ಲ, ಚಹಾದ ಚಟ ಹಾಗಿತ್ತು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅಮ್ಮ ಶಾಪ ಹಾಕುವುದನ್ನು ವಾರಗಟ್ಟಲೆ ಬಿಡಲಿಲ್ಲ.

ಜಗಲಿಯಲ್ಲಿ ಆ ಹೊತ್ತು ಒಬ್ಬಳು ಮುದುಕಿ ಕೂತಿದ್ದಳು. ಅಭ್ಯಾಸದಂತೆ ಮಾಡಿನ ಸಂದಿಗೆ ಕೈ ಹಾಕಿದರೆ ಅವಳ ಗೆರಟೆ ಇರಲಿಲ್ಲ. ಮಾವ ಒಳಗಿನ ಕುಕ್ಕೆಯಿಂದಲೇ ಒಂದನ್ನು ತೆಗೆದು ತಂದು ಕೊಟ್ಟರು. ಮುದುಕಿ ತೆಗೆದುಕೊಳ್ಳಲು ಹೆದರಿ, ಇದು ಯಾರದ್ದು ಎಂದು ಕೇಳಿದಳು. ಯಾರದ್ದೂ ಅಲ್ಲ, ಕುಡಿ ಎಂದರು ಮಾವ. ಆ ಮಳೆಗಾಲವಿಡೀ ಒಳಗಿನ ಬೆಂಚು ಖಾಲಿ, ಹೊರಗಿನ ಜಗಲಿ ಭರ್ತಿ. ಧಣಿಗಳ ಕಡೆಯವರು ಕುಂಬಳೆಯವರೆಗೆ ನಡೆದು ಗ್ಲಾಸಿನಲ್ಲೇ ಚಹಾ ಕುಡಿದು ಬಂದರು, ಜ್ವರ ಬಂದರೂ ಚಿಂತಿಲ್ಲ ಎಂಬ ಹಾಗೆ.

ಜ್ವರ ಇಳಿಯಿತು. ಧಣಿಗಳು ದೊಡ್ಡ ಮನಸ್ಸು ಮಾಡಿದರು. ಮಗಳ ಚಿಂತೆಯಲ್ಲಿ ತಲೆ ಕೆಟ್ಟಿತ್ತು ಪಾಪ, ಗ್ಲಾಸು ಇಳಿಸಲಿ, ನಾವು ಬರುತ್ತೇವೆ ಎಂದು ಹೇಳಿ ಕಳುಹಿಸಿದರು. ಮಾವ ಗ್ಲಾಸು ಇಳಿಸಿದರು, ಬೂದಿ ಹಾಕಿ ತಾವೇ ತಿಕ್ಕಿದರು, ಹಂಡೆಯಲ್ಲಿ ಕುದಿಸಿದರು. ಮಗಳನ್ನು ಹತ್ತಿರ ಸೇರಿಸಲಿಲ್ಲ. ಬೆಂಚು ತುಂಬಿತು, ನಗು ಮರಳಿತು, ನನಗೂ ಹಾಯೆನಿಸಿತು. ಮಾವ ಒಳಗಿನವರಿಗೆಲ್ಲ ಗ್ಲಾಸು ಕೊಟ್ಟರು. ಆಮೇಲೆ ಎರಡೂ ಕೈಯಲ್ಲಿ ಗ್ಲಾಸು ಹಿಡಿದುಕೊಂಡು ಜಗಲಿಗೆ ನಡೆದರು.

ಜಗಲಿಯವರ ಗೆರಟೆ ಎಲ್ಲಿ ಎಂದು ಒಳಗಿಂದ ಯಾರೋ ಕೇಳಿದರು. ಒಲೆಗೆ ಹಾಕಿದೆ ಎಂದರು ಮಾವ. ಬೇರೆ ತರಬಹುದಲ್ಲ ಎಂದಾಗ ಅವರು ಬಾಗಿಲಲ್ಲೇ ನಿಂತರು. ಆ ಮನುಷ್ಯ ಅಲ್ಲಾಡದೆ ನಿಂತದ್ದನ್ನು, ಮಗಳ ಕಾಯಿಲೆಯ ನಂತರ, ನಾನು ನೋಡಿದ್ದು ಅದೊಂದೇ ಸಲ.

"ನಾನೇನು ದೊಡ್ಡ ಮನುಷ್ಯ ಅಲ್ಲ. ಆದ್ರೆ ಎಲ್ಲರಿಗೂ ಒಮ್ಮೆ ಗೆರಟೆ ಕೊಟ್ಟಾಯ್ತಲ್ಲ, ಇನ್ನು ಕೆಲವರಿಗೆ ಮಾತ್ರ ಕೊಡ್ಲಿಕ್ಕೆ ಕೈ ಬರುವುದಿಲ್ಲ."

ಗೆರಟೆಯನ್ನಾದರೆ ಜ್ವರದ ಹುಚ್ಚೆಂದು ಕ್ಷಮಿಸಿದ್ದರು. ಗ್ಲಾಸನ್ನು ಕ್ಷಮಿಸಲಿಲ್ಲ. ಮುಂದಿನ ಮಳೆಗಾಲದೊಳಗೆ ಜಾಗ ಬಿಡಿಸಿದರು. ಯಾವ ಬೆಳಿಗ್ಗೆ ಹೋದರೋ ತಿಳಿಯದು, ನಾನು ಹೋದಾಗ ಒಲೆ ತಣ್ಣಗಿತ್ತು. ಕಂಬದಲ್ಲಿ ಸೋಪಿನ ಹಗ್ಗ ನೇತಾಡುತ್ತಿತ್ತು. ಮಂಗಳೂರು ಎಂದರು ಕೆಲವರು, ಮಡಿಕೇರಿ ಎಂದರು ಕೆಲವರು… ಮಗಳಿಗೆ ಮದುವೆಯಾಯಿತೋ, ಆ ಕೆಮ್ಮು ವಾಸಿಯಾಯಿತೋ, ಒಂದೂ ಗೊತ್ತಾಗಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ಹೇಳದೆ ಹೋದದ್ದಕ್ಕೆ. ಈಗಲೂ ಸ್ವಲ್ಪ ಉಂಟು.

ಆಮೇಲೆ ಎಲ್ಲಿ ಚಹಾ ಕುಡಿದರೂ, ಹಿಂದುಗಡೆ ಗ್ಲಾಸು ತೊಳೆಯುವವರು ಯಾರೆಂದು ಇಣುಕುವ ಚಾಳಿ ಅಂಟಿತು. ಎಷ್ಟೋ ಹೋಟೆಲಿನವರು ನನ್ನನ್ನು ಕಳ್ಳನೆಂದು ತಿಳಿದಿದ್ದಾರೆ. ಮಾವನ ಹೋಟೆಲು ಇದ್ದಲ್ಲಿ ಈಗ ಬೇಕರಿ ಬಂದಿದೆ. ಎಲ್ಲರಿಗೂ ಕಾಗದದ ಲೋಟ, ಕುಡಿದು ಬಿಸಾಡುವುದು. ಯಾರಿಗೂ ಅವಮಾನವಾಗುವುದಿಲ್ಲ.

ನಿನ್ನೆ ನಾನು ಹೋಗಿ ಕೈ ತೊಳೆದು ಬಂದು ಕೂತೆ. ಚಹಾ ಆರಿತ್ತು, ಆದರೂ ಗೆರಟೆಗೆ ತುಟಿ ತಾಗಿಸಿ ಪೂರ್ತಿ ಕುಡಿದೆ. ಮೊಮ್ಮಗಳು ಕೈ ಚಾಚಿದಳು, ತೊಳೆದಿಡುತ್ತೇನೆ ಕೊಡಿ ಎಂದಳು. ಅವಳಿಗೆ ಎರಡು ದಿನದಿಂದ ಸಣ್ಣ ಕೆಮ್ಮು.

ನಾನು ಕೊಡಲಿಲ್ಲ. ಹಿತ್ತಿಲಿಗೆ ಹೋಗಿ ನಾನೇ ತೊಳೆದೆ.