ಹಾಲುಹಲ್ಲು ಬಿದ್ದಾಗ

ಇವತ್ತು ಅಮ್ಮನೊಂದಿಗೆ ದಾದರಿನ ಕ್ಲಿನಿಕ್ಕಿಗೆ ಕಾಲಿಟ್ಟಾಗ ಸ್ಪಿರಿಟ್ಟಿನ ವಾಸನೆ ಬಡಿದದ್ದೇ ತಡ, ನಾನು ಕುರ್ಲಾದ ಚಾಳಿನ ಒಂದೇ ಕೋಣೆಯ ಮನೆಯ ಪುಟ್ಟ ಹುಡುಗಿಯಾದೆ.

ಹಾಲುಹಲ್ಲು ಬಿದ್ದು ಎರಡು ದಿನವಾದರೂ ನನ್ನ ಬಾಯಿಯ ರಕ್ತ ನಿಂತಿರಲಿಲ್ಲ. ಅಪ್ಪ ತಾನು ಕೆಲಸ ಮಾಡುವ ಹೋಟೆಲಿನಿಂದ ಐಸ್ ತಂದರು. ಅಮ್ಮ ಅದನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೆನ್ನೆಗೆ ಒತ್ತುತ್ತಾ, "ನನಗೂ ಹೀಗೇ ಆಗ್ತಿತ್ತು ಮಗಾ. ಊರಲ್ಲಿ ನಾಗನ ಶಾಪ ಅಂತಿದ್ರು" ಎಂದಳು.

ದಾದರಿನ ಇದೇ ಕ್ಲಿನಿಕ್ಕಿನಲ್ಲಿ ನಮ್ಮಿಬ್ಬರ ರಕ್ತವನ್ನೂ ಪರೀಕ್ಷಿಸಿದ, ಮಂಗಳೂರು ಕಡೆಯವರಾದ ಡಾಕ್ಟರು, ರಕ್ತ ಬೇಗ ಹೆಪ್ಪುಗಟ್ಟದ ಈ ಕಾಯಿಲೆ ಅಮ್ಮನಿಂದ ನನಗೆ ಬಂದದ್ದು ಎಂದರು.

"ಹಾಗಾದ್ರೆ ಶಾಪ ಅಲ್ವಾ ಡಾಕ್ಟ್ರೇ?" ಅಮ್ಮ ಕೇಳಿದಳು.

"ಅಲ್ಲಮ್ಮ. ಇದಕ್ಕೆ ಮದ್ದುಂಟು."

ವಾಪಸು ಬರುವಾಗ ಲೋಕಲ್ ರೈಲಿನ ಕಿಟಕಿಗೆ ತಲೆಯಾನಿಸಿ ಅಮ್ಮ ಸದ್ದಿಲ್ಲದೆ ಅತ್ತಳು. ಗಾಳಿಗೆ ಅವಳ ಸೆರಗು ನನ್ನ ಮುಖ ಸವರುತ್ತಿತ್ತು. ನಾನು ಹಾಗೇ ನಿದ್ದೆಹೋದೆ.

ಈಗ ಅದೇ ಅಮ್ಮ, ಮಗುವನ್ನು ಅಪ್ಪಿಕೊಂಡು ಅಳುತ್ತಿರುವ ತಾಯಿಯೊಬ್ಬಳ ಪಕ್ಕ ಕೂತು, ತನ್ನ ಹರುಕುಮುರುಕು ಮರಾಠಿಯಲ್ಲಿ ಅವಳಿಗೆ ಧೈರ್ಯ ಹೇಳುತ್ತಿದ್ದಾಳೆ.