ಕಡಲಾಚೆ ಇಸಾಕ, ಗಾಲಿಯ ಮುಂದೆ ಮೈಮುನಾ

ಕಬ್ಬು ಹೇರಿದ ಟ್ರೇಲರು ಒಂದು ಕಡೆ ವಾಲಿ ನಿಂತಿದೆ. ಬೆಳಕು ಈಗಷ್ಟೇ ಹರಿಯುತ್ತಿದೆ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆ ರಸ್ತೆಯಲ್ಲಿ ಮೈಮುನಾ ಸೆರಗನ್ನು ಸೊಂಟಕ್ಕೆ ಬಿಗಿದು, ಜಾಕಿನ ಕೆಳಗೆ ಹಲಗೆ ಕೊಟ್ಟು, ಬಿಚ್ಚಿದ ಗಾಲಿಯ ಅಂಚಿಗೆ ಕಬ್ಬಿಣದ ಪಟ್ಟಿ ತೂರಿಸುತ್ತಾಳೆ. ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಾಗ ಟಾಯರು ರಿಮ್ಮು ಬಿಟ್ಟು ಮೇಲೆ ಬರುತ್ತದೆ. ಟ್ರಾಕ್ಟರಿನ ಚಾಲಕ ರಾವಸಾಹೇಬ ಬೀಡಿ ಹಚ್ಚುವುದನ್ನು ಮರೆತು ನೋಡುತ್ತಿದ್ದಾನೆ.

"ಮೊದ್ಲು ಹೆಣ್ಮಗಳನ್ನ ನೋಡಿ ಗಾಡಿ ಮುಂದ ಒಯ್ತಿದ್ರು," ಎನ್ನುತ್ತಾಳೆ ಮೈಮುನಾ. "ಈಗ ಪಾಳಿ ಹಚ್ಚತಾರ್ರಿ."

ಈ ಪಂಕ್ಚರ್ ಅಂಗಡಿ ಮಾವ ಫಕ್ರುದ್ದೀನ ಅವರದು. ಎರಡು ವರ್ಷದ ಹಿಂದೆ ಲಕವಾ ಹೊಡೆದು ಅವರ ಎಡಗೈ ಸ್ವಾಧೀನ ತಪ್ಪಿತು. ಅವರ ಮಗ, ಮೈಮುನಾಳ ಗಂಡ ಇಸಾಕ ಸೇನೆಯಲ್ಲಿ ವಾಹನ ರಿಪೇರಿ ಮಾಡುವವನು. ರಜೆಗೆ ಬಂದವನು ಹದಿನೈದು ದಿನ ಹೆಂಡತಿಗೆ ಕೆಲಸ ಹೇಳಿಕೊಟ್ಟು ಹೋದ. ಕಬ್ಬಿನ ಹಂಗಾಮಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಟ್ಯೂಬು, ಮೂರೋ ನಾಲ್ಕೋ ಟ್ರೇಲರ್ ಗಾಲಿ. ಕಾರ್ಖಾನೆ ನಿಂತ ಮೇಲೆ ಸೈಕಲ್ಲೇ ಗತಿ.

ಕಳೆದ ವರ್ಷ, 1993ರಲ್ಲಿ, ಇಸಾಕನ ತುಕಡಿ ಶಾಂತಿಪಾಲನೆಗೆಂದು ಆಫ್ರಿಕಾದ ಸೋಮಾಲಿಯಾಕ್ಕೆ ಹಡಗು ಹತ್ತಿತು. ಅಲ್ಲಿ ಅವರ ಶಿಬಿರದ ಪಕ್ಕದಲ್ಲೇ ಯುರೋಪಿನ ಸಣ್ಣ ದೇಶವೊಂದರ ಪಡೆ ಬೀಡುಬಿಟ್ಟಿತ್ತು. ಆ ಪಡೆಯ ಉಕ್ಕಿನ ಕವಚದ ಗಾಡಿಗಳಿಗೆ ಟ್ಯಾಂಕಿನಂತೆ ಸರಪಳಿಯಿಲ್ಲ, ಲಾರಿಯಂತೆ ಗಾಲಿ. ಮುಳ್ಳಿಗೋ ಚೂಪುಗಲ್ಲಿಗೋ ಟಾಯರು ಹರಿದಾಗ ಇಸಾಕನೂ ಹೋಗಿ ಕೈಜೋಡಿಸುತ್ತಿದ್ದ.

"ಆ ದೇಶದ ಹೆಸರ ನನ್ನ ನಾಲಿಗಿಗೆ ಬರೂದಿಲ್ರಿ," ಎಂದು ನಗುತ್ತಾಳೆ. "ನಮ್ಮ ಬೆಳಗಾವಿ ಜಿಲ್ಲಾದಾಗ ಎಷ್ಟ ಮಂದಿ ಅದಾರೋ, ಇಡೀ ದೇಶಕ್ಕ ಅಷ್ಟ ಮಂದಿ ಅಂತ. ಅವರ ಮನ್ಯಾಗೂ ಯಾರಾದ್ರೂ ಹಾದಿ ನೋಡ್ತಿರಬೇಕಲ್ರಿ."

ಇಸಾಕ ಪತ್ರದಲ್ಲಿ ಆ ಗಾಡಿಯ ಚಿತ್ರ ಬರೆಯುತ್ತಿದ್ದ. ನಾಲ್ಕು ಗಾಲಿ, ಮೇಲೊಂದು ಗುಮ್ಮಟ, ಅದರಿಂದ ಹೊರಟ ತೋಪಿನ ನಳಿಗೆ. ಬದಿಯಲ್ಲಿ, ಯಾವ ಬೋಲ್ಟು ಮೊದಲು ಸಡಿಲಿಸಬೇಕೆಂದು ಗುರುತು. ಓದಿ ಓದಿ ಆ ಕಾಗದಗಳು ಮಡಿಕೆಯಲ್ಲೇ ಹರಿದಿವೆ.

ಡಿಸೆಂಬರಿನಲ್ಲಿ ಪತ್ರ ನಿಂತಿತು. ಅಂಚೆಯ ನೇಮಿನಾಥ ಸೈಕಲ್ ನಿಲ್ಲಿಸದೆ ಹೋದ ದಿನಗಳು ಅರವತ್ತು ದಾಟಿದವು.

"ಗಾಳಿ ತುಂಬೂ ಮಶಿನ್ ಸಪ್ಪಳದಾಗ ಏನೂ ಕೇಳೂದಿಲ್ರಿ. ಅದಕ್ಕ ನಡನಡುವ ಬಂದ್ ಮಾಡಿ ನಿಂದರ್ತಿದ್ದೆ, ಅವರ ಸೈಕಲ್ ಗಂಟಿ ಕೇಳತೈತೇನಂತ. ಗಿರಾಕಿ ಬೈತಿದ್ರು."

ಫೆಬ್ರುವರಿಯ ಕೊನೆಗೆ ಗಂಟೆ ಬಾಗಿಲಲ್ಲೇ ಕೇಳಿತು. ಪತ್ರದ ಅಕ್ಷರ ಮಾತ್ರ ಇಸಾಕನದಲ್ಲ. ಅವನು ಹೇಳಿದ್ದನ್ನು ಜೊತೆಗಾರನೊಬ್ಬ ಬರೆದಿದ್ದ. ಉಕ್ಕಿನ ಗಾಡಿಯೊಂದರ ಗಾಲಿ ಬದಲಿಸುವಾಗ ಮರಳಲ್ಲಿ ಜಾಕು ಜಾರಿತ್ತು. ಬಲಗೈಯ ಮೂರು ಬೆರಳು ಹೋಗಿದ್ದವು. ಜೀವಕ್ಕೆ ಅಪಾಯವಿಲ್ಲ, ಊರಿಗೆ ಯಾವಾಗ ಕಳಿಸುತ್ತಾರೋ ಗೊತ್ತಿಲ್ಲ ಎಂದಿತ್ತು. ಅಂಗಡಿ ಮಾರಿಬಿಡು, ಇನ್ನು ಆ ಕೆಲಸ ನನ್ನಿಂದಾಗದು ಎಂದೂ ಇತ್ತು.

ಮಾವನಿಗೆ ಹೇಳಲು ಅವಳಿಗೆ ಮೂರು ದಿನ ಹಿಡಿಯಿತು. "ಕೇಳಿ ಅವರು ತಮ್ಮ ಸೋತ ಕೈ ತೊಡಿಮ್ಯಾಲ ಇಟಗೊಂಡು ಕುಂತಬಿಟ್ರು."

ಈಗ ಮಾರ್ಚ್. ಇಸಾಕ ಬರುವ ದಿನ ಇನ್ನೂ ಗೊತ್ತಾಗಿಲ್ಲ. ಅಂಗಡಿಯ ಮುಂದೆ ಮತ್ತೆರಡು ಟ್ರೇಲರು ಬಂದು ನಿಂತಿವೆ. ಪತ್ರಕ್ಕೆ ಏನು ಉತ್ತರ ಬರೆದೆಯಮ್ಮ ಎಂದು ಕೇಳಿದರೆ ಮೈಮುನಾ ಕೈಯ ಮಸಿಯನ್ನು ಚಿಂದಿಗೆ ಒರೆಸಿಕೊಳ್ಳುತ್ತಾಳೆ.

"ಮಾರೂದಿಲ್ಲ ಅಂತ ಬರದೀನ್ರಿ. ಬಂದು ಇಲ್ಲೇ ನನ್ನೆದುರಿಗೆ ಕುಂದರ್ರಿ, ದಿನಾ ಕಣ್ಣಿಗೆ ಬಿದ್ರ ಸಾಕು ಅಂತ. ಗಾಲಿ ಬಿಚ್ಚಾಕ ನಾ ಅದೀನಿ."